ಕಿಂಡಿಯೋ ತೆರೆಯೋ: ಎರಡು ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ನಡುವಿನ ಆಯ್ಕೆ

ಹೊಸದಾಗಿ ಕಲಿಯುವವರಿಗೆಂದು ತಯಾರಾಗುವ ಕಡಿಮೆ ಬೆಲೆಯ ಕ್ಯಾಮೆರಾಗಳಿಗೂ ಛಾಯಾಗ್ರಹಣವನ್ನೇ ವೃತ್ತಿ ಮಾಡಿಕೊಂಡವರ ದುಬಾರಿ ಕ್ಯಾಮೆರಾಗಳಿಗೂ ನಡುವೆ ಇರುವ ಮಧ್ಯಮ ದರ್ಜೆಯಲ್ಲಿ, ಕ್ಯಾನನ್ ಸಂಸ್ಥೆ 2016ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಇಒಎಸ್ 80ಡಿ ಮತ್ತು ನಿಕಾನ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಡಿ7500 ಪರಸ್ಪರ ನೇರ ಪ್ರತಿಸ್ಪರ್ಧಿಗಳಾಗಿ ನಿಂತವು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಮುಂಚೂಣಿಗೆ ಬಂದಿರುವ ಈ ಕಾಲದಲ್ಲಿಯೂ ಇವೆರಡು ಬಳಸಿದ ಕ್ಯಾಮೆರಾಗಳ ಮಾರುಕಟ್ಟೆಯಲ್ಲಿ ಸಿಗುವುದರಿಂದ, ಮೊಬೈಲಿನ ಚಿತ್ರಗಳಿಂದ ಒಂದು ಹೆಜ್ಜೆ ಮುಂದೆ ಹೋಗಬಯಸುವ ಹವ್ಯಾಸಿಗಳಿಗೆ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಇಂದಿಗೂ ಎದುರಾಗುತ್ತಲೇ ಇದೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಎರಡರ ಗುಣಲಕ್ಷಣಗಳ ಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು. ಆ ಪಟ್ಟಿಯಿಂದ ಹೆಚ್ಚಿನ ನೆರವು ದೊರೆಯುವುದಿಲ್ಲ. ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿಸಿದರೆ ಕ್ಯಾನನ್ ಸುಮಾರು 730 ಗ್ರಾಂ, ನಿಕಾನ್ ಸುಮಾರು 720 ಗ್ರಾಂ ತೂಗುತ್ತದೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯಿಂದ ಕ್ಯಾನನ್ 960, ನಿಕಾನ್ 950 ಚಿತ್ರಗಳನ್ನು ತೆಗೆಯಬಲ್ಲದೆಂದು ತಯಾರಕರು ಹೇಳುತ್ತಾರೆ. ಎರಡರಲ್ಲಿಯೂ ಶಟರ್ ಒಂದು ಸೆಕೆಂಡಿನ 8000ನೇ ಒಂದು ಭಾಗದಷ್ಟು ಅಲ್ಪ ಕಾಲ ಮಾತ್ರ ತೆರೆದು ಮುಚ್ಚಿಕೊಳ್ಳಬಲ್ಲದು. ಎರಡರಲ್ಲಿಯೂ ಒಂದೇ ಕಾರ್ಡಿಗೆ ಜಾಗವಿದೆ, ಒಳಗೇ ಅಳವಡಿಸಿದ ಫ್ಲ್ಯಾಶ್ ಇದೆ, ಮೈಕ್ ಮತ್ತು ಹೆಡ್‌ಫೋನ್ ಎರಡನ್ನೂ ಜೋಡಿಸುವ ವ್ಯವಸ್ಥೆಯಿದೆ. ಇಷ್ಟೆಲ್ಲ ಸಾಮ್ಯವಿರುವ ಎರಡು ಯಂತ್ರಗಳನ್ನು ಬೇರ್ಪಡಿಸುವ ಅಂಶ ಪಟ್ಟಿಯ ಯಾವುದೇ ಒಂದು ಸಾಲಿನಲ್ಲಿ ಇಲ್ಲ. ಅದು ಡಿಎಸ್‌ಎಲ್‌ಆರ್ ಕ್ಯಾಮೆರಾದ ಮೂಲ ರಚನೆಯಲ್ಲಿಯೇ ಇದೆ. ಆ ರಚನೆಯನ್ನು ಅರ್ಥ ಮಾಡಿಕೊಂಡವರಿಗೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಬೆಳಕಿಗೆ ಎರಡು ದಾರಿ

ಡಿಎಸ್‌ಎಲ್‌ಆರ್ ಎಂದರೆ ಒಂದೇ ಲೆನ್ಸಿನ ಮೂಲಕ ಬಂದ ಬೆಳಕನ್ನು ಕನ್ನಡಿಯೊಂದರಿಂದ ಪ್ರತಿಫಲಿಸಿ ಛಾಯಾಗ್ರಾಹಕರ ಕಣ್ಣಿಗೆ ತಲುಪಿಸುವ, ಕ್ಲಿಕ್ಕಿಸಿದ ಕ್ಷಣದಲ್ಲಿ ಅದೇ ಬೆಳಕನ್ನು ಸೆನ್ಸರ್ ಎಂಬ ಬೆಳಕು ಗ್ರಹಿಸುವ ಎಲೆಕ್ಟ್ರಾನಿಕ್ ಬಿಲ್ಲೆಯ ಮೇಲೆ ಬೀಳಿಸುವ ಕ್ಯಾಮೆರಾ. ಲೆನ್ಸಿನ ಹಿಂದೆ 45 ಡಿಗ್ರಿ ಕೋನದಲ್ಲಿ ಓರೆಯಾಗಿ ನಿಂತ ಕನ್ನಡಿ ಬೆಳಕನ್ನು ಮೇಲಕ್ಕೆ ಕಳುಹಿಸುತ್ತದೆ, ಅಲ್ಲಿರುವ ಐದು ಮುಖದ ಗಾಜಿನ ಪಟ್ಟಕ ಎಡಬಲ ಅದಲುಬದಲಾದ ಬಿಂಬವನ್ನು ಸರಿಪಡಿಸಿ ವ್ಯೂಫೈಂಡರ್ ಎನ್ನುವ ಪುಟ್ಟ ಕಿಂಡಿಗೆ ಒಯ್ಯುತ್ತದೆ. ಹೀಗಾಗಿ ಕಿಂಡಿಯಲ್ಲಿ ಕಾಣುವುದು ಯಾವುದೇ ವಿದ್ಯುತ್ ಪರದೆಯ ಚಿತ್ರವಲ್ಲ, ಎದುರಿನ ದೃಶ್ಯದಿಂದ ನೇರವಾಗಿ ಬಂದ ಬೆಳಕು. ಕ್ಲಿಕ್ ಗುಂಡಿಯನ್ನು ಒತ್ತಿದಾಗ ಕನ್ನಡಿ ಮೇಲಕ್ಕೆ ಮಡಚಿಕೊಂಡು ದಾರಿ ಬಿಡುತ್ತದೆ, ಶಟರ್ ತೆರೆಯುತ್ತದೆ, ಸೆನ್ಸರ್ ಚಿತ್ರವನ್ನು ದಾಖಲಿಸುತ್ತದೆ, ಕನ್ನಡಿ ಮತ್ತೆ ಕೆಳಗೆ ಬರುತ್ತದೆ.

ಇದರ ಜೊತೆಗೆ ಹೊರಗೆ ಕಾಣದ ಇನ್ನೊಂದು ಪುಟ್ಟ ಕನ್ನಡಿ ಮುಖ್ಯ ಕನ್ನಡಿಯ ಹಿಂದಿದೆ. ಮುಖ್ಯ ಕನ್ನಡಿಯ ನಡುಭಾಗ ಅರೆಪಾರದರ್ಶಕವಾಗಿರುವುದರಿಂದ ಸ್ವಲ್ಪ ಬೆಳಕು ಅದನ್ನು ದಾಟಿ ಈ ಎರಡನೆಯ ಕನ್ನಡಿಗೆ ತಗುಲಿ, ಕ್ಯಾಮೆರಾದ ತಳದಲ್ಲಿರುವ ಪ್ರತ್ಯೇಕ ಫೋಕಸ್ ಸೆನ್ಸರಿಗೆ ಹೋಗುತ್ತದೆ. ಆ ಸೆನ್ಸರ್ ಲೆನ್ಸಿನ ಎರಡು ಅಂಚುಗಳಿಂದ ಬಂದ ಬಿಂಬಗಳನ್ನು ಹೋಲಿಸಿ, ಅವು ಎಷ್ಟು ದೂರ ಸರಿದಿವೆಯೆಂಬುದರಿಂದ ಲೆನ್ಸನ್ನು ಯಾವ ದಿಕ್ಕಿಗೆ ಎಷ್ಟು ತಿರುಗಿಸಬೇಕೆಂದು ಲೆಕ್ಕ ಹಾಕುತ್ತದೆ. ಫೇಸ್ ಡಿಟೆಕ್ಷನ್ ಎಂದು ಕರೆಯುವ ಈ ವಿಧಾನದ ದೊಡ್ಡ ಗುಣ ವೇಗ, ಏಕೆಂದರೆ ಲೆನ್ಸ್ ಹುಡುಕಾಡದೆ ನೇರವಾಗಿ ತನ್ನ ಸ್ಥಾನಕ್ಕೆ ಹೋಗುತ್ತದೆ.

ಆದರೆ ಕನ್ನಡಿ ಮೇಲಿದ್ದಾಗ ಈ ಎರಡೂ ವ್ಯವಸ್ಥೆಗಳು ಕುರುಡಾಗುತ್ತವೆ. ಹಿಂಬದಿಯ ತೆರೆಯ ಮೇಲೆ ದೃಶ್ಯವನ್ನು ನೋಡುತ್ತ ಚಿತ್ರ ತೆಗೆಯುವ ಲೈವ್ ವ್ಯೂ ವಿಧಾನದಲ್ಲಿಯೂ ವಿಡಿಯೊ ದಾಖಲಿಸುವಾಗಲೂ ಕನ್ನಡಿ ಸದಾ ಮೇಲೆಯೇ ಇರುತ್ತದೆ, ಆದ್ದರಿಂದ ಫೋಕಸ್ ಮಾಡುವ ಹೊಣೆಯನ್ನು ಚಿತ್ರ ದಾಖಲಿಸುವ ಮುಖ್ಯ ಸೆನ್ಸರೇ ಹೊರಬೇಕಾಗುತ್ತದೆ. ಹೀಗೆ ಪ್ರತಿಯೊಂದು ಡಿಎಸ್‌ಎಲ್‌ಆರ್ ಒಳಗೂ ಕನ್ನಡಿ ಕೆಳಗಿದ್ದಾಗ ಕೆಲಸ ಮಾಡುವ ಒಂದು ಕ್ಯಾಮೆರಾ, ಕನ್ನಡಿ ಮೇಲಿದ್ದಾಗ ಕೆಲಸ ಮಾಡುವ ಇನ್ನೊಂದು ಕ್ಯಾಮೆರಾ ಅಡಗಿವೆ ಎನ್ನಬಹುದು. ಡಿ7500 ಮತ್ತು 80ಡಿಗಳ ನಡುವಿನ ನಿಜವಾದ ಅಂತರವೆಂದರೆ ನಿಕಾನ್ ತನ್ನ ಶಕ್ತಿಯನ್ನು ಮೊದಲನೆಯದರ ಮೇಲೆ, ಕ್ಯಾನನ್ ತನ್ನ ಶಕ್ತಿಯನ್ನು ಎರಡನೆಯದರ ಮೇಲೆ ಹೂಡಿರುವುದು.

ಕನ್ನಡಿ ಕೆಳಗಿದ್ದಾಗ

ಕಿಂಡಿಗೆ ಕಣ್ಣಿಟ್ಟು ಚಿತ್ರ ತೆಗೆಯುವಾಗ ಡಿ7500ರಲ್ಲಿ 51 ಫೋಕಸ್ ಬಿಂದುಗಳು, 80ಡಿಯಲ್ಲಿ 45 ಬಿಂದುಗಳು ಲಭ್ಯ. ಸಂಖ್ಯೆ ನಿಕಾನ್‌ನದು ದೊಡ್ಡದಾದರೂ ಅದರ 51ರಲ್ಲಿ 15 ಮಾತ್ರ ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ಗೆರೆಗಳನ್ನು ಗುರುತಿಸಬಲ್ಲ ಕ್ರಾಸ್ ಬಿಂದುಗಳು. ಕ್ಯಾನನ್‌ನಲ್ಲಿ ತಕ್ಕ ಲೆನ್ಸ್ ಇದ್ದರೆ 45ಕ್ಕೆ 45 ಕ್ರಾಸ್ ಬಿಂದುಗಳೇ. ಜೊತೆಗೆ ದೂರದ ವಸ್ತುವನ್ನು ಇನ್ನಷ್ಟು ಹತ್ತಿರಕ್ಕೆ ತರಲು ಲೆನ್ಸಿಗೆ ಎಕ್ಸ್‌ಟೆಂಡರ್ ಜೋಡಿಸಿ ಒಳಬರುವ ಬೆಳಕು ಎಫ್/8 ಎಂಬ ಕಡಿಮೆ ಮಟ್ಟಕ್ಕೆ ಇಳಿದಾಗ, ನಿಕಾನ್‌ನಲ್ಲಿ ನಡುವಿನ ಒಂದೇ ಬಿಂದು ಭರವಸೆಯಿಂದ ಕೆಲಸ ಮಾಡಿದರೆ, ಕ್ಯಾನನ್‌ನಲ್ಲಿ ಕೆಲವು ಆಯ್ದ ಲೆನ್ಸುಗಳೊಡನೆ 27 ಬಿಂದುಗಳು ಕೆಲಸ ಮಾಡುತ್ತವೆ. ಇಷ್ಟರಮಟ್ಟಿಗೆ ಮೇಲುಗೈ ಕ್ಯಾನನ್‌ನದು.

ಆದರೂ ಚಲಿಸುವ ವಸ್ತುವನ್ನು ಬೆನ್ನಟ್ಟುವ ಕೆಲಸದಲ್ಲಿ ನಿಕಾನ್ ಮುಂದಿದೆ, ಅದಕ್ಕೆ ಕಾರಣ ಫೋಕಸ್ ಬಿಂದುಗಳಲ್ಲ, ಬೆಳಕಿನ ಪ್ರಮಾಣವನ್ನು ಅಳೆಯುವ ಮೀಟರಿಂಗ್ ಸೆನ್ಸರ್. 80ಡಿಯ ಮೀಟರಿಂಗ್ ಸೆನ್ಸರಿನಲ್ಲಿ 7,560 ಪಿಕ್ಸೆಲ್‌ಗಳಿದ್ದರೆ ಡಿ7500ರಲ್ಲಿ ಸುಮಾರು 1,80,000 ಪಿಕ್ಸೆಲ್‌ಗಳಿವೆ. ಅಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸಬಲ್ಲ ಸೆನ್ಸರ್ ಇರುವುದರಿಂದ, ಒಮ್ಮೆ ಫೋಕಸ್ ಮಾಡಿದ ವಸ್ತು ಚೌಕಟ್ಟಿನಲ್ಲಿ ಎಲ್ಲಿಗೆ ಸರಿದರೂ ಅದರ ಬಣ್ಣವನ್ನು ಅನುಸರಿಸಿ ಫೋಕಸ್ ಬಿಂದುವನ್ನು ತಾನೇ ಸಾಗಿಸುವ ‘3ಡಿ ಟ್ರ್ಯಾಕಿಂಗ್’ ನಿಕಾನ್‌ನಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾಗಿದೆ.

ವೇಗದ ಲೆಕ್ಕದಲ್ಲಿಯೂ ಹೀಗೆಯೇ. ಗುಂಡಿಯನ್ನು ಒತ್ತಿ ಹಿಡಿದರೆ ನಿಕಾನ್ ಸೆಕೆಂಡಿಗೆ 8, ಕ್ಯಾನನ್ 7 ಚಿತ್ರಗಳನ್ನು ತೆಗೆಯುತ್ತದೆ, ಈ ಒಂದು ಚಿತ್ರದ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ತೆಗೆದ ಚಿತ್ರಗಳು ಕಾರ್ಡಿಗೆ ಬರೆಯಲ್ಪಡುವ ಮುನ್ನ ತಂಗುವ ತಾತ್ಕಾಲಿಕ ನೆನಪಿನ ಕೋಶ, ಅಂದರೆ ಬಫರ್. ಸೆನ್ಸರ್ ಗ್ರಹಿಸಿದ ಮಾಹಿತಿಯನ್ನು ಸಂಸ್ಕರಿಸದೆ ಪೂರ್ತಿಯಾಗಿ ಉಳಿಸಿಕೊಳ್ಳುವ ‘ರಾ’ ಕಡತಗಳನ್ನು ತೆಗೆಯುವಾಗ ನಿಕಾನ್ ಒಂದೇ ಸಮನೆ ಸುಮಾರು 50 ಚಿತ್ರಗಳನ್ನು, ಕ್ಯಾನನ್ ಸುಮಾರು 25 ಚಿತ್ರಗಳನ್ನು ತೆಗೆದ ಮೇಲೆ ನಿಧಾನವಾಗುತ್ತದೆ. ಅಂದರೆ ನಿಕಾನ್ ಆರು ಸೆಕೆಂಡುಗಳ ಕಾಲ ದಣಿಯದೆ ಓಡಿದರೆ ಕ್ಯಾನನ್ ಮೂರೂವರೆ ಸೆಕೆಂಡುಗಳಲ್ಲಿ ನಿಲ್ಲುತ್ತದೆ.

ರಂಗನತಿಟ್ಟು ಪಕ್ಷಿಧಾಮದಲ್ಲಿ ತೇಲುವ ದೋಣಿಯಲ್ಲಿ ಕುಳಿತು ನೀರಿನ ಮೇಲೆ ಹಾರಾಡುವ ನದಿ ರೀವವನ್ನು ಸೆರೆಹಿಡಿಯಬಯಸುವವರಿಗೆ ಈ ಎರಡೂವರೆ ಸೆಕೆಂಡಿನ ಅಂತರ ದೊಡ್ಡದು, ಏಕೆಂದರೆ ಹಕ್ಕಿ ಮೀನಿಗಾಗಿ ನೀರಿಗೆ ಎರಗುವ ಕ್ಷಣ ಯಾವಾಗ ಬರುತ್ತದೆಂದು ಮುಂಚೆಯೇ ಹೇಳಲಾಗದು. ದೋಣಿಯೂ ಹಕ್ಕಿಯೂ ಒಟ್ಟಿಗೆ ಚಲಿಸುವ ಇಂತಹ ಸನ್ನಿವೇಶದಲ್ಲಿ ತೆರೆಯನ್ನು ನೋಡುತ್ತ ಚಿತ್ರ ತೆಗೆಯುವುದು ಬಹುತೇಕ ಅಸಾಧ್ಯ. ಕ್ಯಾಮೆರಾವನ್ನು ಮುಖಕ್ಕೆ ಒತ್ತಿ ಹಿಡಿದು, ಎರಡೂ ಮೊಣಕೈಗಳನ್ನು ದೇಹಕ್ಕೆ ತಾಗಿಸಿ, ಕಿಂಡಿಯ ಮೂಲಕ ನೋಡುವುದೇ ಸರಿಯಾದ ಕ್ರಮ. ಕ್ರೀಡಾಂಗಣ, ಕಂಬಳದ ಗದ್ದೆ, ಕಾಡಿನ ಸಫಾರಿ ಇವೆಲ್ಲವೂ ಇದೇ ವರ್ಗಕ್ಕೆ ಸೇರುತ್ತವೆ, ಅಲ್ಲೆಲ್ಲ ಡಿ7500ರ ಶಕ್ತಿ ಪೂರ್ತಿಯಾಗಿ ಬಳಕೆಗೆ ಬರುತ್ತದೆ.

ಕನ್ನಡಿ ಮೇಲೆದ್ದಾಗ

ಕನ್ನಡಿ ಮೇಲೆದ್ದ ಕೂಡಲೇ ಚಿತ್ರಣ ತಿರುಗಿಬೀಳುತ್ತದೆ. ಡಿ7500 ಲೈವ್ ವ್ಯೂನಲ್ಲಿ ಬಳಸುವುದು ಕಾಂಟ್ರಾಸ್ಟ್ ಡಿಟೆಕ್ಷನ್ ಎಂಬ ವಿಧಾನವನ್ನು: ದೃಶ್ಯದ ಅಂಚುಗಳು ಎಷ್ಟು ಸ್ಫುಟವಾಗಿವೆಯೆಂದು ಮುಖ್ಯ ಸೆನ್ಸರ್ ಅಳೆಯುತ್ತ, ಲೆನ್ಸನ್ನು ಒಂದು ದಿಕ್ಕಿಗೆ ಸರಿಸಿ, ಸ್ಫುಟತೆ ಗರಿಷ್ಠ ಮಟ್ಟವನ್ನು ದಾಟಿ ಇಳಿಯತೊಡಗಿದಾಗ ಹಿಂದಕ್ಕೆ ತರುತ್ತದೆ. ತಂಬೂರಿಯ ತಂತಿಯನ್ನು ಶ್ರುತಿಗಿಂತ ತುಸು ಮೇಲಕ್ಕೆ ಏರಿಸಿ ಮತ್ತೆ ಇಳಿಸಿ ಸ್ವರಕ್ಕೆ ತರುವಂತೆ, ಸರಿಯಾದ ಸ್ಥಾನವನ್ನು ಒಮ್ಮೆ ದಾಟದೆ ಅದು ಸರಿಯಾದ ಸ್ಥಾನವೆಂದು ಈ ವಿಧಾನಕ್ಕೆ ತಿಳಿಯುವುದಿಲ್ಲ. ನಿಶ್ಚಲ ವಸ್ತುವಿನ ಚಿತ್ರಕ್ಕೆ ಇದು ನಿಖರವಾದ ವಿಧಾನವೇ ಹೌದು. ಆದರೆ ವಿಡಿಯೊದಲ್ಲಿ ಈ ಹಿಂದುಮುಂದಿನ ಓಲಾಟ ನೋಡುಗರ ಕಣ್ಣಿಗೆ ಕಾಣುತ್ತದೆ, ನಡೆದು ಬರುವ ವ್ಯಕ್ತಿಯ ಮುಖ ಮಸುಕಾಗಿ ಮತ್ತೆ ಸ್ಪಷ್ಟವಾಗುವುದು ಪದೇ ಪದೇ ನಡೆಯುತ್ತದೆ.

80ಡಿಯಲ್ಲಿ ಈ ತೊಂದರೆಯಿಲ್ಲ. ಕ್ಯಾನನ್ 2013ರಲ್ಲಿ ತನ್ನ 70ಡಿ ಮಾದರಿಯಲ್ಲಿ ಮೊದಲು ಬಳಕೆಗೆ ತಂದ ಡ್ಯುಯಲ್ ಪಿಕ್ಸೆಲ್ ತಂತ್ರಜ್ಞಾನದಲ್ಲಿ, ಮುಖ್ಯ ಸೆನ್ಸರಿನ ಪ್ರತಿಯೊಂದು ಪಿಕ್ಸೆಲ್ ಎರಡು ಹೋಳುಗಳಾಗಿ ವಿಭಾಗಗೊಂಡಿರುತ್ತದೆ. ಎಡ ಹೋಳು ಲೆನ್ಸಿನ ಒಂದು ಬದಿಯ ಬೆಳಕನ್ನೂ ಬಲ ಹೋಳು ಇನ್ನೊಂದು ಬದಿಯ ಬೆಳಕನ್ನೂ ಗ್ರಹಿಸುವುದರಿಂದ, ಕ್ಯಾಮೆರಾದ ತಳದಲ್ಲಿರುವ ಪ್ರತ್ಯೇಕ ಸೆನ್ಸರ್ ಮಾಡುತ್ತಿದ್ದ ಹೋಲಿಕೆಯನ್ನು ಚಿತ್ರ ದಾಖಲಿಸುವ ಸೆನ್ಸರೇ ಮಾಡಬಲ್ಲದಾಗುತ್ತದೆ. ಚಿತ್ರ ದಾಖಲಿಸುವ ಕ್ಷಣದಲ್ಲಿ ಎರಡೂ ಹೋಳುಗಳು ಸೇರಿ ಒಂದೇ ಪಿಕ್ಸೆಲ್‌ನಂತೆ ವರ್ತಿಸುತ್ತವೆ. ಚೌಕಟ್ಟಿನ ಅಗಲ ಮತ್ತು ಎತ್ತರಗಳ ಸುಮಾರು ಶೇ 80ರಷ್ಟು ಭಾಗದಲ್ಲಿ ಈ ವ್ಯವಸ್ಥೆ ಕೆಲಸ ಮಾಡುತ್ತದೆ. ತೆರೆಯ ಮೇಲೆ ಬೆರಳಿಟ್ಟ ಕಡೆಗೆ ಫೋಕಸ್ ಓಲಾಡದೆ ಮೃದುವಾಗಿ ಸರಿಯುತ್ತದೆ.

ತೆರೆಯ ರಚನೆಯೂ ಇದಕ್ಕೆ ಪೂರಕವಾಗಿದೆ. ಕ್ಯಾನನ್‌ನ 3 ಅಂಗುಲದ ಸ್ಪರ್ಶ ತೆರೆ ಪುಸ್ತಕದ ರಟ್ಟಿನ ಹಾಗೆ ಪಕ್ಕಕ್ಕೆ ತೆರೆದುಕೊಂಡು ಮುಂದಕ್ಕೂ ತಿರುಗುತ್ತದೆ, ಹೀಗಾಗಿ ಕ್ಯಾಮೆರಾದ ಮುಂದೆ ನಿಂತು ಒಬ್ಬರೇ ಮಾತನಾಡುತ್ತ ವಿಡಿಯೊ ಮಾಡುವ ಶಿಕ್ಷಕರು ಅಥವಾ ಅಡುಗೆ ತೋರಿಸುವವರು ತಮ್ಮ ಬಿಂಬವನ್ನು ತಾವೇ ನೋಡಿಕೊಳ್ಳಬಹುದು. ನಿಕಾನ್‌ನ 3.2 ಅಂಗುಲದ ಸ್ಪರ್ಶ ತೆರೆ ಮೇಲಕ್ಕೂ ಕೆಳಕ್ಕೂ ವಾಲುತ್ತದೆಯಷ್ಟೆ, ಮುಂದಕ್ಕೆ ತಿರುಗುವುದಿಲ್ಲ.

ವಿಡಿಯೊದ ವಿವರದ ಪ್ರಮಾಣದಲ್ಲಿ ಮಾತ್ರ ನಿಕಾನ್‌ಗೆ ಹೆಚ್ಚುಗಾರಿಕೆಯಿದೆ. ಅದು 3840×2160 ಪಿಕ್ಸೆಲ್‌ಗಳ 4ಕೆ ವಿಡಿಯೊವನ್ನು ಸೆಕೆಂಡಿಗೆ 30 ಚೌಕಟ್ಟುಗಳವರೆಗೆ ದಾಖಲಿಸಿದರೆ, 80ಡಿ 1920×1080 ಪಿಕ್ಸೆಲ್‌ಗಳ ಫುಲ್ ಎಚ್‌ಡಿಗೆ ನಿಲ್ಲುತ್ತದೆ. ಆದರೆ ಡಿ7500 ತನ್ನ 4ಕೆ ವಿಡಿಯೊಗೆ ಸೆನ್ಸರಿನ ಮಧ್ಯಭಾಗವನ್ನು ಮಾತ್ರ ಬಳಸುವುದರಿಂದ ದೃಶ್ಯದ ಅಗಲ ಸುಮಾರು ಒಂದೂವರೆ ಪಟ್ಟು ಕಿರಿದಾಗುತ್ತದೆ; 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ 27 ಮಿ.ಮೀ. ಲೆನ್ಸಿನಷ್ಟು ವಿಶಾಲ ನೋಟ ಕೊಡಬೇಕಾದ 18 ಮಿ.ಮೀ. ಲೆನ್ಸ್ ಆಗ ಸುಮಾರು 40 ಮಿ.ಮೀ. ಲೆನ್ಸಿನಂತೆ ವರ್ತಿಸುತ್ತದೆ. ಚಿಕ್ಕ ಕೋಣೆಯಲ್ಲಿ ನಡೆಯುವ ನಾಮಕರಣವನ್ನೋ ಮನೆಯ ಅಂಗಳದ ಮದುವೆ ಶಾಸ್ತ್ರವನ್ನೋ ದಾಖಲಿಸುವವರಿಗೆ ಹಿಂದೆ ಸರಿಯಲು ಜಾಗವಿಲ್ಲದಿದ್ದಾಗ ಇದು ನಿಜವಾದ ಅಡಚಣೆ. ಎರಡೂ ಕ್ಯಾಮೆರಾಗಳು ಒಂದು ದಾಖಲೆಯನ್ನು 29 ನಿಮಿಷ 59 ಸೆಕೆಂಡಿಗೆ ನಿಲ್ಲಿಸುವುದರಿಂದ, ರಾತ್ರಿಯಿಡೀ ನಡೆಯುವ ಯಕ್ಷಗಾನ ಪ್ರಸಂಗವನ್ನು ಪೂರ್ತಿ ದಾಖಲಿಸಬಯಸುವವರು ಮತ್ತೆ ಮತ್ತೆ ಗುಂಡಿ ಒತ್ತುವುದನ್ನು ಮರೆಯಬಾರದು.

ಚಿತ್ರದ ಗುಣಮಟ್ಟ

ಕೊಳ್ಳುವವರು ಅತಿ ಹೆಚ್ಚು ಚರ್ಚಿಸುವ ಮೆಗಾಪಿಕ್ಸೆಲ್ ಸಂಖ್ಯೆ ಇಲ್ಲಿ ಅತಿ ಕಡಿಮೆ ಮಹತ್ವದ್ದು. 80ಡಿಯಲ್ಲಿ 24.2 ಮೆಗಾಪಿಕ್ಸೆಲ್, ಡಿ7500ರಲ್ಲಿ 20.9 ಮೆಗಾಪಿಕ್ಸೆಲ್ ಇರುವುದು ದೊಡ್ಡ ಅಂತರವೆಂದು ತೋರಿದರೂ, ಚಿತ್ರದ ಅಗಲದಲ್ಲಿ ಅದು 6000 ಮತ್ತು 5568 ಪಿಕ್ಸೆಲ್‌ಗಳ ವ್ಯತ್ಯಾಸ ಮಾತ್ರ. ಒಂದು ಅಂಗುಲಕ್ಕೆ 300 ಚುಕ್ಕೆಗಳಂತೆ ಉತ್ತಮ ಮುದ್ರಣ ಮಾಡಿಸಿದರೆ ಮೊದಲನೆಯದು 20 ಅಂಗುಲ, ಎರಡನೆಯದು ಹದಿನೆಂಟೂವರೆ ಅಂಗುಲ ಅಗಲ ಬರುತ್ತದೆ. ಗೋಡೆಯ ಮೇಲೆ ತೂಗುಹಾಕಿದ ಚಿತ್ರದಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ.

ಸೆನ್ಸರಿನ ಗಾತ್ರದಲ್ಲಿಯೂ ಸಣ್ಣ ಅಂತರವಿದೆ. ನಿಕಾನ್‌ನದು ಸುಮಾರು 23.5×15.7 ಮಿ.ಮೀ., ಕ್ಯಾನನ್‌ನದು ಸುಮಾರು 22.5×15 ಮಿ.ಮೀ.; ಎರಡೂ 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದಾದ್ದರಿಂದ ಲೆನ್ಸಿನ ನೋಟ ನಿಕಾನ್‌ನಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು ಕಿರಿದಾಗುತ್ತದೆ. ಸೆನ್ಸರಿನ ಸಂವೇದನೆಯನ್ನು ಸೂಚಿಸುವ ಐಎಸ್‌ಒ ಮಿತಿ ಕ್ಯಾನನ್‌ನಲ್ಲಿ ಸಾಮಾನ್ಯವಾಗಿ 16,000ದವರೆಗೆ, ನಿಕಾನ್‌ನಲ್ಲಿ 51,200ರವರೆಗೆ ಇದೆ. ಈ ದೊಡ್ಡ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ, ಏಕೆಂದರೆ ಎರಡು ಸೆನ್ಸರ್‌ಗಳ ನಡುವಿನ ನೈಜ ಅಂತರ ಒಂದು ಸ್ಟಾಪ್‌ಗಿಂತ ಕಡಿಮೆ. ಸ್ಟಾಪ್ ಎಂದರೆ ಬೆಳಕಿನ ಪ್ರಮಾಣ ಎರಡು ಪಟ್ಟಾಗುವ ಅಥವಾ ಅರ್ಧಕ್ಕಿಳಿಯುವ ಒಂದು ಮೆಟ್ಟಿಲು. ಆದರೂ ಹೊರಗೆ ಉರಿಬಿಸಿಲಿದ್ದು ಗರ್ಭಗುಡಿಯಲ್ಲಿ ಕತ್ತಲಿರುವ ದೇವಾಲಯದಂತಹ ದೃಶ್ಯದಲ್ಲಿ, ನಂತರ ಕಂಪ್ಯೂಟರಿನಲ್ಲಿ ಕತ್ತಲ ಭಾಗವನ್ನು ಬೆಳಗಿಸುವಾಗ ನಿಕಾನ್ ಕಡತ ಕಡಿಮೆ ಕಾಳುಕಾಳಾಗಿ ಕಾಣುತ್ತದೆ.

ಇನ್ನೊಂದು ಸೂಕ್ಷ್ಮ ವ್ಯತ್ಯಾಸವೂ ಗಮನಾರ್ಹ. ಕ್ಯಾನನ್ ತನ್ನ ಸೆನ್ಸರಿನ ಮುಂದೆ ಲೋ ಪಾಸ್ ಫಿಲ್ಟರ್ ಎಂಬ, ಅತಿ ಸೂಕ್ಷ್ಮ ವಿವರಗಳನ್ನು ತುಸು ಮೆದುಗೊಳಿಸುವ ಪದರವನ್ನು ಇಟ್ಟಿದೆ. ನಿಕಾನ್ ಡಿ7500ರಲ್ಲಿ ಅದನ್ನು ಕೈಬಿಟ್ಟಿದೆ. ಆ ಪದರವಿಲ್ಲದ ಚಿತ್ರದಲ್ಲಿ ಹಕ್ಕಿಯ ಗರಿಗಳು ಹೆಚ್ಚು ಚೂಪಾಗಿ ಮೂಡುತ್ತವೆ, ಆದರೆ ಒತ್ತು ನೇಯ್ಗೆಯ ರೇಷ್ಮೆ ಸೀರೆಯ ಮೇಲೆ, ಎಳೆಗಳ ಸಾಲು ಮತ್ತು ಪಿಕ್ಸೆಲ್‌ಗಳ ಸಾಲು ಒಂದರ ಮೇಲೊಂದು ಬಿದ್ದು, ಇಲ್ಲದ ಬಣ್ಣದ ಅಲೆಗಳು ಕೆಲವೊಮ್ಮೆ ಕಾಣಿಸಿಕೊಳ್ಳುತ್ತವೆ.

ಲೆನ್ಸ್ ಎಂಬ ದೊಡ್ಡ ನಿರ್ಧಾರ

ಸೆನ್ಸರ್‌ಗಳ ನಡುವಿನ ಅಂತರ ಒಂದು ಸ್ಟಾಪ್‌ಗಿಂತ ಕಡಿಮೆಯಿದ್ದರೆ ಲೆನ್ಸ್‌ಗಳ ನಡುವಿನ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಲೆನ್ಸಿನ ರಂಧ್ರ ಎಷ್ಟು ಹಿಗ್ಗುತ್ತದೆಂಬುದನ್ನು ಎಫ್ ಸಂಖ್ಯೆ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕೆ ನಿಲ್ಲುತ್ತದೆ; ಎರಡೂ ಸಂಸ್ಥೆಗಳು ಕಡಿಮೆ ಬೆಲೆಗೆ ಮಾರುವ 50 ಮಿ.ಮೀ. ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಸಂಜೆಯ ಸಮಾರಂಭದ ಚಿತ್ರಗಳು ಮಸುಕಾಗುತ್ತಿವೆಯೆಂದು ಕ್ಯಾಮೆರಾವನ್ನು ಬದಲಿಸುವವರು ಅರ್ಧ ಮೆಟ್ಟಿಲು ಏರುತ್ತಾರೆ, ಲೆನ್ಸನ್ನು ಬದಲಿಸುವವರು ಮೂರು ಮೆಟ್ಟಿಲು ಏರುತ್ತಾರೆ.

ಇದಲ್ಲದೆ ಕ್ಯಾಮೆರಾ ಕೊಳ್ಳುವವರು ಅದರ ಜೊತೆಗೆ ಲೆನ್ಸ್ ಜೋಡಿಸುವ ಬಾಯಿಯನ್ನು, ಅಂದರೆ ಮೌಂಟನ್ನು ಕೊಳ್ಳುತ್ತಾರೆ, ಈ ವಿಷಯದಲ್ಲಿ ಎರಡು ಸಂಸ್ಥೆಗಳು ಹಿಡಿದ ಹಾದಿಗಳು ಬೇರೆ ಬೇರೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು ದಶಕಗಳ ಕಾಲ ಬಿಡದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಹೋಯಿತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಮೌಂಟನ್ನು ಪೂರ್ತಿ ಕೈಬಿಟ್ಟು, ಕ್ಯಾಮೆರಾ ಮತ್ತು ಲೆನ್ಸ್‌ಗಳ ನಡುವೆ ವಿದ್ಯುತ್ ಸಂಪರ್ಕ ಮಾತ್ರ ಇರುವ ಇಎಫ್ ಮೌಂಟನ್ನು ತಂದಿತು. ಹಳೆಯ ಲೆನ್ಸ್‌ಗಳಿದ್ದವರಿಗೆ ಆಗ ಅದು ನಷ್ಟವೆನಿಸಿದರೂ, ಫೋಕಸ್ ಮೋಟಾರು ಪ್ರತಿ ಆಟೋಫೋಕಸ್ ಲೆನ್ಸಿನೊಳಗೇ ಇರುವ ಆ ವ್ಯವಸ್ಥೆಯಿಂದಾಗಿ 1987ರಿಂದೀಚೆಗಿನ ಕ್ಯಾನನ್‌ನ ಇಎಫ್ ಲೆನ್ಸ್‌ಗಳು 80ಡಿಯ ಮೇಲೆ ಯಾವ ಕೊರತೆಯೂ ಇಲ್ಲದೆ ಕೆಲಸ ಮಾಡುತ್ತವೆ.

ನಿಕಾನ್‌ನಲ್ಲಿ ಸ್ವಲ್ಪ ವಿವೇಚನೆ ಬೇಕು. ಎಎಫ್‌-ಎಸ್ ಎಂಬ ಗುರುತಿನ ಲೆನ್ಸ್‌ಗಳಲ್ಲಿ ಮೋಟಾರು ಒಳಗೇ ಇದೆ. ಎಎಫ್‌-ಡಿ ಎಂಬ ಹಳೆಯ ಲೆನ್ಸ್‌ಗಳು ಕ್ಯಾಮೆರಾದಲ್ಲಿರುವ ಮೋಟಾರನ್ನು ಅವಲಂಬಿಸುತ್ತವೆ. ಡಿ7500ರಲ್ಲಿ ಆ ಮೋಟಾರು ಇರುವುದರಿಂದ ಹಳೆಯ ಎಎಫ್‌-ಡಿ ಲೆನ್ಸ್‌ಗಳು ಅದರ ಮೇಲೆ ಚೆನ್ನಾಗಿ ನಡೆಯುತ್ತವೆ. ಆದರೆ ಕೈಯಿಂದ ಫೋಕಸ್ ಮಾಡಬೇಕಾದ ಇನ್ನೂ ಹಳೆಯ ಎಐ ಲೆನ್ಸ್‌ಗಳ ರಂಧ್ರದ ಅಳತೆಯನ್ನು ಗುರುತಿಸುವ ಚಿಕ್ಕ ಕೊಂಡಿ ಹಿಂದಿನ ಡಿ7200ರಲ್ಲಿ ಇದ್ದದ್ದು ಡಿ7500ರಲ್ಲಿ ಇಲ್ಲ, ಆದ್ದರಿಂದ ತಂದೆಯ ಕಾಲದ ನಿಕಾನ್ ಲೆನ್ಸ್‌ಗಳನ್ನು ಮತ್ತೆ ಬಳಸುವ ಆಸೆಯುಳ್ಳವರಿಗೆ ಬೆಳಕು ಅಳೆಯುವ ಸೌಲಭ್ಯ ಸಿಗುವುದಿಲ್ಲ. ಡಿ7200ರಲ್ಲಿದ್ದ ಎರಡನೆಯ ಕಾರ್ಡಿನ ಜಾಗವನ್ನೂ ನಿಕಾನ್ ಇಲ್ಲಿ ತೆಗೆದುಹಾಕಿದೆ. ಒಂದು ಕಾರ್ಡ್ ಕೆಟ್ಟರೂ ಮದುವೆಯ ಚಿತ್ರಗಳು ಇನ್ನೊಂದರಲ್ಲಿ ಉಳಿಯಬೇಕೆಂದು ಬಯಸುವ ವೃತ್ತಿಪರರಿಗೆ ಹಳೆಯ ಡಿ7200ರೇ ಹೆಚ್ಚು ಸೂಕ್ತ.

ಹಕ್ಕಿಗಳ ಚಿತ್ರಕ್ಕೆ ನಿಕಾನ್‌ನವರ 200-500 ಮಿ.ಮೀ. ಎಫ್/5.6 ಲೆನ್ಸ್ 2015ರಿಂದ ಹವ್ಯಾಸಿಗಳ ನೆಚ್ಚಿನ ಆಯ್ಕೆಯಾಗಿದೆ, ಡಿ7500ರ ಮೇಲೆ ಅದು 750 ಮಿ.ಮೀ.ನಷ್ಟು ದೂರದ ನೋಟ ಕೊಡುತ್ತದೆ. ಕ್ಯಾನನ್‌ನಲ್ಲಿ 400 ಮಿ.ಮೀ. ಎಫ್/5.6 ಲೆನ್ಸ್ ಹಗುರ, ಚುರುಕು. ಆದರೆ ಕೈನಡುಕವನ್ನು ತಡೆಯುವ ವ್ಯವಸ್ಥೆ ಅದರಲ್ಲಿಲ್ಲ, ಅದು ಬೇಕೆನ್ನುವವರು 100-400 ಮಿ.ಮೀ. ಲೆನ್ಸಿಗೆ ಹೆಚ್ಚು ಹಣ ತೆರಬೇಕು. ಟ್ಯಾಮ್ರಾನ್ ಮತ್ತು ಸಿಗ್ಮಾ ಸಂಸ್ಥೆಗಳ 150-600 ಮಿ.ಮೀ. ಲೆನ್ಸ್‌ಗಳು ಎರಡೂ ಮೌಂಟ್‌ಗಳಿಗೆ ದೊರೆಯುತ್ತವೆ. ವಿಡಿಯೊ ಮಾಡುವವರಿಗೆ, ಕ್ಯಾನನ್ 80ಡಿಯ ಜೊತೆಗೇ ಪ್ರಕಟಿಸಿದ 18-135 ಮಿ.ಮೀ. ಯುಎಸ್‌ಎಂ ಲೆನ್ಸ್ ಸದ್ದಿಲ್ಲದೆ ವೇಗವಾಗಿ ಫೋಕಸ್ ಮಾಡುತ್ತ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆಗೆ ತಕ್ಕ ಜೊತೆಯಾಗುತ್ತದೆ.

ಮುಂದಿನ ದಾರಿಯನ್ನೂ ಇಲ್ಲಿಯೇ ಯೋಚಿಸುವುದು ಒಳ್ಳೆಯದು. 80ಡಿಯ ನಂತರ 2019ರಲ್ಲಿ 90ಡಿ ಬಂದಿತು, ಡಿ7500ರ ಸಾಲಿನಲ್ಲಿ ಮತ್ತೊಂದು ಮಾದರಿ ಬರಲಿಲ್ಲ. 2018ರಿಂದ ಎರಡೂ ಸಂಸ್ಥೆಗಳು ಕ್ಯಾನನ್ ಆರ್ ಎಫ್ ಮತ್ತು ನಿಕಾನ್ ಝಡ್ ಎಂಬ ಹೊಸ ಮೌಂಟ್‌ಗಳ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಹೊರಳಿವೆ. ಕ್ಯಾನನ್‌ನ ಅಡಾಪ್ಟರ್ ಎಂಬ ನಡುಬಳೆಯನ್ನು ಹಾಕಿದರೆ ಇಎಫ್ ಲೆನ್ಸ್‌ಗಳು ಆ ಹೊಸ ಕ್ಯಾಮೆರಾಗಳ ಮೇಲೆ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರು ಇಲ್ಲದ್ದರಿಂದ ಎಎಫ್‌-ಎಸ್ ಲೆನ್ಸ್‌ಗಳು ಫೋಕಸ್ ಮಾಡುತ್ತವೆ, ಎಎಫ್‌-ಡಿ ಲೆನ್ಸ್‌ಗಳನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಆದ್ದರಿಂದ ಇಂದು ಡಿ7500 ಕೊಳ್ಳುವವರು ಹೊಸದಾಗಿ ಹಣ ಹಾಕುವ ಲೆನ್ಸ್ ಎಎಫ್‌-ಎಸ್ ಆಗಿರುವುದು ಕ್ಷೇಮ.

ಬಳಸಿದ ಕ್ಯಾಮೆರಾ ಕೊಳ್ಳುವಾಗ

ಬಳಸಿದ ಕ್ಯಾಮೆರಾದ ಆಯುಷ್ಯವನ್ನು ಅಂದಾಜು ಮಾಡಲು ಅದರ ಶಟರ್ ಎಷ್ಟು ಬಾರಿ ಕೆಲಸ ಮಾಡಿದೆಯೆಂಬ ಸಂಖ್ಯೆ ನೆರವಾಗುತ್ತದೆ. ಡಿ7500ರ ಶಟರನ್ನು 1,50,000 ಬಾರಿಗೆ, 80ಡಿಯದನ್ನು 1,00,000 ಬಾರಿಗೆ ಪರೀಕ್ಷಿಸಲಾಗಿದೆ. ಈ ಗಡಿ ದಾಟಿದ ಕೂಡಲೇ ಕ್ಯಾಮೆರಾ ಕೆಡುತ್ತದೆಂದಲ್ಲ, ಆದರೆ ಬೆಲೆಯನ್ನು ಚರ್ಚಿಸಲು ಅದು ನ್ಯಾಯವಾದ ಆಧಾರ. ನಿಕಾನ್ ಈ ಸಂಖ್ಯೆಯನ್ನು ಪ್ರತಿ ಚಿತ್ರದ ಕಡತದಲ್ಲಿಯೇ ಬರೆದಿಡುವುದರಿಂದ ಒಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ನೋಡಿದರೆ ಅದು ಸಿಗುತ್ತದೆ. 80ಡಿಯಲ್ಲಿ ಕ್ಯಾಮೆರಾವನ್ನೇ ಕಂಪ್ಯೂಟರಿಗೆ ಜೋಡಿಸಿ ವಿಶೇಷ ತಂತ್ರಾಂಶದಿಂದ ಓದಬೇಕು. ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಇದ್ದ ಲೆನ್ಸ್‌ಗಳಲ್ಲಿ ಬೂಸ್ಟು ಬೆಳೆಯುವ ಸಂಭವ ಹೆಚ್ಚಾದ್ದರಿಂದ, ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ಇನ್ನೊಂದು ಬದಿಯಿಂದ ನೋಡಿ, ಒಳಗಿನ ಗಾಜುಗಳ ಮೇಲೆ ಜೇಡರ ಬಲೆಯಂತಹ ಎಳೆಗಳಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಡಿಎಸ್‌ಎಲ್‌ಆರ್‌ಗಳಿಗೇ ವಿಶಿಷ್ಟವಾದದ್ದು. ಫೋಕಸ್ ಅಳೆಯುವ ಸೆನ್ಸರ್ ಮತ್ತು ಚಿತ್ರ ದಾಖಲಿಸುವ ಸೆನ್ಸರ್ ಬೇರೆ ಬೇರೆಯಾಗಿರುವುದರಿಂದ, ಎರಡರ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕಿಂಡಿಯ ಮೂಲಕ ತೆಗೆದ ಚಿತ್ರದಲ್ಲಿ ಫೋಕಸ್ ವಸ್ತುವಿನ ತುಸು ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಒಂದೇ ವಸ್ತುವಿನ ಚಿತ್ರವನ್ನು ಕಿಂಡಿಯಿಂದ ಒಮ್ಮೆ, ಲೈವ್ ವ್ಯೂನಿಂದ ಒಮ್ಮೆ ತೆಗೆದು ಹಿಗ್ಗಿಸಿ ಹೋಲಿಸಿದರೆ ಈ ದೋಷ ಗೊತ್ತಾಗುತ್ತದೆ. ಎರಡೂ ಕ್ಯಾಮೆರಾಗಳಲ್ಲಿ ಪ್ರತಿ ಲೆನ್ಸಿಗೂ ಪ್ರತ್ಯೇಕವಾಗಿ ಇದನ್ನು ಸರಿಪಡಿಸಿ ನೆನಪಿನಲ್ಲಿಡುವ ಸೌಲಭ್ಯವಿರುವುದರಿಂದ ಸಣ್ಣ ದೋಷಕ್ಕಾಗಿ ಒಳ್ಳೆಯ ಲೆನ್ಸನ್ನು ತಿರಸ್ಕರಿಸಬೇಕಿಲ್ಲ.

ಯಾರಿಗೆ ಯಾವುದು

ಮೇಲಿನ ವಿವರಗಳನ್ನು ಒಟ್ಟುಗೂಡಿಸಿದರೆ ನಿರ್ಧಾರದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಕ್ಕಿ, ಪ್ರಾಣಿ, ಕ್ರೀಡೆ, ಕತ್ತಲ ರಂಗಸ್ಥಳ ಇವುಗಳ ಸ್ಥಿರಚಿತ್ರಗಳೇ ಮುಖ್ಯವಾಗಿದ್ದು ವಿಡಿಯೊ ಅಪರೂಪವಾಗಿರುವವರಿಗೆ ಡಿ7500 ಸರಿಯಾದ ಆಯ್ಕೆ, ಏಕೆಂದರೆ ಅವರ ಕಣ್ಣು ಸದಾ ಕಿಂಡಿಯಲ್ಲಿರುತ್ತದೆ. ವಿಡಿಯೊ ಸಮಪಾಲು ಇರುವವರಿಗೆ, ಒಬ್ಬರೇ ಕ್ಯಾಮೆರಾದ ಮುಂದೆಯೂ ಹಿಂದೆಯೂ ಕೆಲಸ ಮಾಡಬೇಕಾದವರಿಗೆ, ಹೂವು ಅಣಬೆ ಕೀಟಗಳನ್ನು ನೆಲಮಟ್ಟದಲ್ಲಿ ತೆರೆ ನೋಡುತ್ತ ತೆಗೆಯುವವರಿಗೆ, ಮೊಬೈಲಿನ ಸ್ಪರ್ಶ ತೆರೆಗೆ ಈಗಾಗಲೇ ಒಗ್ಗಿರುವವರಿಗೆ 80ಡಿ ಹೆಚ್ಚು ಸಮಾಧಾನ ಕೊಡುತ್ತದೆ. ಮನೆಯಲ್ಲಿಯೋ ಆಪ್ತರಲ್ಲಿಯೋ ಒಂದು ಸಂಸ್ಥೆಯ ಲೆನ್ಸ್‌ಗಳು ಈಗಾಗಲೇ ಇದ್ದರೆ ಆ ಕಾರಣವೇ ಉಳಿದೆಲ್ಲವನ್ನೂ ಮೀರಿಸುತ್ತದೆ, ಏಕೆಂದರೆ ಎರವಲು ಸಿಗುವ ಒಂದು ಒಳ್ಳೆಯ ಲೆನ್ಸ್ ಈ ಎರಡು ಕ್ಯಾಮೆರಾಗಳ ನಡುವಿನ ಯಾವ ಅಂತರಕ್ಕಿಂತಲೂ ದೊಡ್ಡದು.

ತಮ್ಮ ಅಭಿರುಚಿ ಯಾವ ಕಡೆಗಿದೆಯೆಂದು ಇನ್ನೂ ನಿಶ್ಚಯವಿಲ್ಲದವರು ತಮ್ಮ ಮೊಬೈಲಿನಲ್ಲಿ ಕಳೆದ ಒಂದು ವರ್ಷ ಉಳಿಸಿಕೊಂಡ ಚಿತ್ರಗಳನ್ನೂ ವಿಡಿಯೊಗಳನ್ನೂ ತೆರೆದು, ಅವುಗಳಲ್ಲಿ ಯಾವುದು ಹೆಚ್ಚು, ಅವುಗಳಲ್ಲಿರುವುದು ಓಡುವ ವಸ್ತುಗಳೋ ನಿಂತ ವಸ್ತುಗಳೋ, ಬೆಳಕು ಹಗಲಿನದೋ ಕೋಣೆಯೊಳಗಿನದೋ ಎಂದು ವಿಂಗಡಿಸಿ ನೋಡಬಹುದು. ಮುಂದೆ ತೆಗೆಯಬೇಕೆಂದು ಕನಸು ಕಾಣುವ ಚಿತ್ರಗಳಿಗಿಂತ ಈಗಾಗಲೇ ತೆಗೆದಿರುವ ಚಿತ್ರಗಳು ವ್ಯಕ್ತಿಯ ನಿಜವಾದ ಒಲವನ್ನು ಪ್ರಾಮಾಣಿಕವಾಗಿ ಹೇಳುತ್ತವೆ. ಆ ಉತ್ತರ ದೊರೆತ ಮೇಲೆ ಎರಡೂ ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು, ಹಿಡಿಕೆ ಬೆರಳುಗಳಿಗೆ ಹೊಂದುತ್ತದೆಯೇ, ಕನ್ನಡಕ ಹಾಕಿಕೊಂಡು ಕಿಂಡಿಯ ನಾಲ್ಕೂ ಮೂಲೆಗಳು ಕಾಣುತ್ತವೆಯೇ ಎಂದು ಪರೀಕ್ಷಿಸಿ ಒಂದನ್ನು ಆರಿಸಿದ ನಂತರ, ಉಳಿದ ಹಣವನ್ನು ಒಂದು ಒಳ್ಳೆಯ ಲೆನ್ಸಿಗೆ ಮೀಸಲಿಡುವವರು, ಅದೇ ಹಣದಲ್ಲಿ ಇನ್ನೂ ಮೇಲಿನ ದರ್ಜೆಯ ಕ್ಯಾಮೆರಾ ಕೊಂಡು ಕಿಟ್ ಲೆನ್ಸಿನಲ್ಲಿಯೇ ನಿಲ್ಲುವವರಿಗಿಂತ ಉತ್ತಮ ಚಿತ್ರಗಳನ್ನು ತೆಗೆಯುತ್ತಾರೆ.